ಇವತ್ತಿನ ಅನ್ನ ಇವತ್ತಿಗೆ

ಭದ್ರಾವತಿಯ ದಿನಸಿ ಅಂಗಡಿಗಳಲ್ಲಿ ಉದ್ರಿ ಪುಸ್ತಕಕ್ಕೆ ಒಂದು ಕಾಲದಲ್ಲಿ ಬಹಳ ಮರ್ಯಾದೆ ಇತ್ತು. ಅಂಗಡಿಯಲ್ಲೊಂದು ದೊಡ್ಡ ಪುಸ್ತಕ, ಮನೆಯವರ ಕೈಯಲ್ಲೊಂದು ಸಣ್ಣದು. ಅಕ್ಕಿ, ತೊಗರಿಬೇಳೆ, ಕೊಬ್ಬರಿ ಎಣ್ಣೆ, ಬಟ್ಟೆ ಸೋಪು, ಮಕ್ಕಳ ನೋಟ್‌ಬುಕ್ಕು ಎಲ್ಲವನ್ನೂ ತಿಂಗಳಿಡೀ ಬರೆಸುವುದು, ಸಂಬಳದ ದಿನ ಚುಕ್ತಾ ಮಾಡಿ ಹೊಸ ಪುಟ ತೆಗೆಸುವುದು. ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ತೂಗುಹಾಕಿದವರೂ ಕಾರ್ಖಾನೆಯವರ ಮನೆ ಎಂದರೆ ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದರು. 1918ರಲ್ಲಿ ಕಟ್ಟಲು ಶುರುಮಾಡಿ 1923ರಲ್ಲಿ ಕಬ್ಬಿಣ ತೆಗೆದ ಕಾರ್ಖಾನೆ ಒಂದು ಕಡೆ, 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಇನ್ನೊಂದು ಕಡೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಊರಿಗೆ ತಮಿಳುನಾಡಿನಿಂದ, ಕೇರಳದಿಂದ, ಕರಾವಳಿಯಿಂದ ಜನ ಬಂದು ನೆಲೆಸಿದ್ದು ಇವೆರಡರ ಸಂಬಳ ನಂಬಿ. ಹಾಗೆ ಬಂದವರಲ್ಲಿ ಕ್ರೈಸ್ತರು ಗಣನೀಯ ಸಂಖ್ಯೆಯಲ್ಲಿದ್ದರು.

ಅವರಲ್ಲಿ ಕಥೋಲಿಕರ ಮನೆಗಳಲ್ಲಿ ಸಂಜೆ ದೀಪ ಹಚ್ಚಿ ಜಪಮಾಲೆ ಹೇಳುತ್ತಿದ್ದರು. ಯೇಸು ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆ ಅದರಲ್ಲಿ ಮೊದಲಿಗೊಮ್ಮೆ, ಆಮೇಲೆ ಪ್ರತಿ ಹತ್ತು ಮಣಿಗೊಮ್ಮೆ, ಹೀಗೆ ಒಟ್ಟು ಆರು ಸಲ ಬರುತ್ತದೆ. ಆ ಪ್ರಾರ್ಥನೆಯ ನಡುವೆ ಅನ್ನದ ಕೋರಿಕೆಯೊಂದಿದೆ. ಆ ಕೋರಿಕೆ ಈ ವರ್ಷದ್ದಲ್ಲ, ಈ ತಿಂಗಳದ್ದೂ ಅಲ್ಲ, ಈ ದಿನದ್ದು. ಸಂಬಳ ಖಾತ್ರಿ ಇದ್ದ ಮನೆಗಳಲ್ಲಿ ಆ ಸಾಲು ಬಾಯಿಪಾಠವಾಗಿ ನಾಲಿಗೆಯಿಂದ ಜಾರಿಹೋಗುತ್ತಿತ್ತು. ಅಕ್ಕಿ ಡಬ್ಬಿ ತುಂಬಿದೆ, ಉದ್ರಿ ಪುಸ್ತಕವಿದೆ, ಇವತ್ತಿನ ಊಟಕ್ಕೆ ದೇವರನ್ನು ಕೇಳುವುದೇನಿದೆ?

2015–16ರಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಆ ಹಳೆಯ ಕಬ್ಬಿಣದ ಕಾರ್ಖಾನೆಯನ್ನೂ, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು, ಮುಚ್ಚುವುದೆಂದು ಅದನ್ನು ನಡೆಸುವ ಭಾರತೀಯ ಉಕ್ಕು ಪ್ರಾಧಿಕಾರ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಗೇಟಿನ ಮುಂದೆ ಕೂತರು. ಅದೇ ವರ್ಷದ ಆಗಸ್ಟಿನಲ್ಲಿ ಅದರ ಬಾರ್ ಮಿಲ್ ಮತ್ತೆ ಓಡಿತು, ಒಂದಿಷ್ಟು ಉಸಿರು ಬಂತು. ಆದರೆ ತಿಂಗಳ ಸಂಬಳ ಎಂಬ ಭರವಸೆಯ ಮೇಲೆ ಮೂರು ತಲೆಮಾರು ಬದುಕಿದ ಊರು ಅಷ್ಟರಲ್ಲಿ ದಿನದ ಲೆಕ್ಕಕ್ಕೆ ಇಳಿದಿತ್ತು. ಬಾಯಿಪಾಠವಾಗಿದ್ದ ಆ ಸಾಲು ಎಷ್ಟೋ ಮನೆಗಳಲ್ಲಿ ನಿಜವಾದ ಬೇಡಿಕೆಯಾಗಿದ್ದು ಆಗ.

ಯೇಸು ಆ ಪ್ರಾರ್ಥನೆ ಕಲಿಸಿದ್ದು ಎಂಥ ಜನಕ್ಕೆ ಎಂದು ನೋಡಿದರೆ ಇದು ಹೆಚ್ಚು ತಿಳಿಯಾಗುತ್ತದೆ. ಗಲಿಲಾಯದ ಆ ಜನ ಮೀನು ಹಿಡಿಯುವವರು, ಪರರ ಹೊಲದಲ್ಲಿ ದುಡಿಯುವವರು, ಬಡಗಿಗಳು. ಸಂಜೆ ಸಿಕ್ಕ ಒಂದು ದಿನಾರಿ ನಾಣ್ಯದಲ್ಲಿ ಹಿಟ್ಟು ತಂದು ರೊಟ್ಟಿ ಸುಡಬೇಕು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಕಥೆಯಿದೆ. ತೋಟದೊಡೆಯ ಬೆಳಗ್ಗೆ ಪೇಟೆಬೀದಿಗೆ ಹೋಗಿ ಆಳು ಕರೆತರುತ್ತಾನೆ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೂ ಹೋಗುತ್ತಾನೆ. ಐದು ಗಂಟೆಗೂ ಅಲ್ಲಿ ನಿಂತವರಿದ್ದಾರೆ, ಯಾರೂ ಅವರನ್ನು ಕರೆದಿಲ್ಲ. ಸಂಜೆ ಎಲ್ಲರಿಗೂ ಒಂದೇ ಕೂಲಿ, ಒಂದು ದಿನಾರಿ. ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಈ ಕಥೆಗೆ ಪಂಡಿತರು ಹಲವು ಅರ್ಥ ಹೇಳುತ್ತಾರೆ. ಶಿವಮೊಗ್ಗದಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಗಾರೆ ಕೆಲಸದವರು ಬಾಂಡ್ಲಿ, ಕರಣೆ ಹಿಡಿದು ಸರ್ಕಲ್ಲಿನಲ್ಲಿ ಕಾಯುವುದನ್ನು, ಹತ್ತೂವರೆಯಾದರೂ ಒಂದಿಬ್ಬರು ಹಾಗೇ ನಿಂತಿರುವುದನ್ನು ನೋಡಿದವರಿಗೆ ಅದರ ಅರ್ಥ ಬೇರೆ ಯಾರೂ ಹೇಳಬೇಕಿಲ್ಲ. ಕೆಲಸ ಒಂದು ಗಂಟೆಯದಾದರೂ ಮನೆಯವರ ಹಸಿವು ಇಡೀ ದಿನದ್ದು. ಆ ಒಡೆಯ ಹಸಿವಿನ ಅಳತೆ ನೋಡಿ ಕೊಟ್ಟ.

ಇದೇ ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ ಒಂದು ಕಟ್ಟಳೆ ಇದೆ: ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಅವನು ಬಡವ, ಅದನ್ನೇ ಎದುರು ನೋಡುತ್ತಿದ್ದಾನೆ ಎಂಬುದು ಅಲ್ಲಿ ಕೊಟ್ಟ ಕಾರಣ. ದೇವರಲ್ಲಿ ದಿನದ ಅನ್ನ ಬೇಡುವ ಪ್ರಾರ್ಥನೆ ಮತ್ತು ದಿನದ ಕೂಲಿ ತಡೆಹಿಡಿಯಬೇಡ ಎಂಬ ಕಟ್ಟಳೆ, ಎರಡೂ ಒಂದೇ ಗ್ರಂಥದವು. ಕ್ರೈಸ್ತರಾದ ನಾವು ಮೊದಲನೆಯದನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದೆವು, ಎರಡನೆಯದು ಪ್ರಸಂಗಗಳಲ್ಲೂ ಅಪರೂಪವಾಯಿತು.

ಕೂಡಿಡುವ ಆಸೆಯ ಬಗ್ಗೆ ಬೈಬಲ್ಲಿನಲ್ಲಿ ಬರುವ ಮನ್ನದ ಕಥೆ ಎಲ್ಲರಿಗೂ ಗೊತ್ತಿರುವುದೇ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಬೆಳಗಿನ ಇಬ್ಬನಿಯ ಜೊತೆ ಆಹಾರ ಬಿದ್ದಿರುತ್ತದೆ. ತಲೆಗೊಂದು ಓಮೆರ್ ಅಳತೆ. ನಾಳೆಗೆಂದು ಉಳಿಸಿದವರ ಪಾಲಿಗೆ ಹುಳು ಬಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಬಹುದು. ಇದನ್ನು ಓದಿದಾಗಲೆಲ್ಲ ನನಗೆ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಅಡುಗೆಮನೆಗೆ ಸೇರಿಸಲಿಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಮರುಭೂಮಿಯಲ್ಲಿ ಹುಳು ಕಲಿಸಿದ ಪಾಠವನ್ನು ಕಲ್ಯಾಣದಲ್ಲಿ ಒಬ್ಬ ಹೆಂಡತಿ ಕಲಿಸಿದಳು. ಎರಡರಲ್ಲೂ ಅನ್ನ ಬರುವ ಮುಂಚೆ ನಡು ಬಗ್ಗಿಸಿ ಆಯಬೇಕು ಎಂಬುದನ್ನೂ ಗಮನಿಸಬೇಕು. ಮನ್ನ ಯಾರ ಗುಡಾರದ ಒಳಗೂ ಬಂದು ಬೀಳಲಿಲ್ಲ.

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ’ ಎಂದು ನಮ್ಮ ಕಡೆ ಹೇಳುತ್ತಾರೆ. ಈ ಮಾತು ಸೋಮಾರಿಯ ಬಾಯಲ್ಲಿ ಒಂದು ಥರ, ದುಡಿದು ಸುಸ್ತಾದವರ ಬಾಯಲ್ಲಿ ಇನ್ನೊಂದು ಥರ ಕೇಳುತ್ತದೆ. ಬೆಟ್ಟದ ಪ್ರಸಂಗದಲ್ಲಿ ಯೇಸು ಆಕಾಶದ ಹಕ್ಕಿಗಳನ್ನು ತೋರಿಸಿದಾಗಲೂ ಹೀಗೇ ಆಗಿದೆ. ಹಕ್ಕಿಗಳು ಬಿತ್ತುವುದಿಲ್ಲ, ಕಣಜಕ್ಕೆ ತುಂಬುವುದಿಲ್ಲ ಎಂಬಷ್ಟನ್ನೇ ಹಿಡಿದುಕೊಂಡು ದುಡಿಮೆ ಬಿಟ್ಟವರಿದ್ದಾರೆ. ಕಾಗೆಯಾಗಲಿ ಗುಬ್ಬಿಯಾಗಲಿ ನಸುಕಿಗೇ ಗೂಡು ಬಿಟ್ಟು ಇಡೀ ದಿನ ಅಲೆಯುತ್ತದೆ. ಅದಕ್ಕೆ ಇಲ್ಲದಿರುವುದು ನಾಳಿನ ಭಯ. ಸಂತ ಪೌಲ ಸುವಾರ್ತೆ ಸಾರುತ್ತಲೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಹೊಲಿದು ಹೊಟ್ಟೆ ಹೊರೆದ. ಥೆಸಲೋನಿಕದ ಸಭೆಯಲ್ಲಿ ಕೆಲವರು ಕೆಲಸ ಬಿಟ್ಟು ಕೂತಾಗ ಅವರನ್ನು ಕಟುವಾಗಿಯೇ ಎಚ್ಚರಿಸಿದ.

ಭದ್ರಾವತಿಯ ನ್ಯೂಟೌನ್ ಕಡೆಯ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಕೂತು ಮಾತನಾಡುತ್ತಿದ್ದೆ. ಗಂಡ ಗುತ್ತಿಗೆ ಕಾರ್ಮಿಕ, ಈಗ ಕೆಲಸ ಸಿಕ್ಕ ದಿನ ಮಾತ್ರ ಕೂಲಿ. ಆಕೆ ಮಾತನಾಡುತ್ತಲೇ ಮೊರದಲ್ಲಿ ರೇಷನ್ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಫಾಲ್ಸ್ ಹಾಕಬೇಕಾದ ಎರಡು ಸೀರೆ, ಹುಕ್ ಹಚ್ಚಬೇಕಾದ ಬ್ಲೌಸುಗಳ ಗಂಟು. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಕೆಳಗೆ ಚಿಮಣಿಯಷ್ಟೇ ಸಣ್ಣ ಕೆಂಪು ಬಲ್ಬು.

“ಮೊದ್ಲೆಲ್ಲ ತಿಂಗ್ಳ ಲೆಕ್ಕ ಅಣ್ಣ. ಈಗ ದಿನದ್ದು ದಿನ” ಎಂದಳು. “ಬೆಳಗ್ಗೆ ಎದ್ದು ಪ್ರಾರ್ಥನೆ ಮಾಡಿ ಒಲೆ ಹಚ್ಚೋದು. ಮಧ್ಯಾಹ್ನಕ್ಕೆ ಇದೆ ಅಂತ ಗೊತ್ತಿರುತ್ತೆ, ರಾತ್ರಿಗೆ ಅವ್ನೇ ನೋಡ್ಕಳ್ತಾನೆ. ಹಂಗಂತ ಕೈಕಟ್ಟಿ ಕೂತ್ರೆ ಆಗುತ್ತಾ? ಈ ಸೀರೆ ಇವತ್ತು ಮುಗಿಸ್ಬೇಕು.”

ಎಂದಾದರೂ ಏನೂ ಇಲ್ಲದೆ ಹೋಗಿದೆಯೇ ಎಂದು ಕೇಳಿದೆ.

“ಹೋಗಿದೆ. ಮಕ್ಳಿಗೆ ಗಂಜಿ ಕೊಟ್ಟು ನಾವಿಬ್ರು ಹಂಗೇ ಮಲಗಿದ್ದೀವಿ. ಪಕ್ಕದ ಮನೆ ಸಾಬರ ಅಮ್ಮನಿಗೆ ಅದ್ಹೆಂಗೆ ಗೊತ್ತಾಯ್ತೋ, ಮಾರನೇ ದಿನ ಒಂದು ಸೇರು ಅಕ್ಕಿ, ಎರಡು ತೆಂಗಿನಕಾಯಿ ತಂದಿಟ್ಟು ಹೋದ್ರು. ನಾನು ಯಾರಿಗೂ ಹೇಳಿರ್ಲಿಲ್ಲ ಅಣ್ಣ.”

ಆ ಕೊನೆಯ ಮಾತನ್ನು ಆಕೆ ಎರಡು ಸಲ ಹೇಳಿದಳು. ಅಕ್ಕಿ ತಂದವರು ಯಾವ ಮತದವರು ಎಂಬುದು ಆಕೆಯ ವಿಶ್ವಾಸಕ್ಕೆ ಎಲ್ಲಿಯೂ ತೊಡಕಾಗಲಿಲ್ಲ. ದೇವರು ಕೊಟ್ಟ, ಅವರ ಕೈಲಿ ಕಳಿಸಿದ. ರೇಷನ್ ಅಕ್ಕಿಯ ಬಗ್ಗೆಯೂ ಆಕೆಯದು ಇದೇ ಮಾತು. 2013ರಲ್ಲಿ ದೇಶಕ್ಕೆ ಆಹಾರ ಭದ್ರತಾ ಕಾಯ್ದೆ, ಕರ್ನಾಟಕಕ್ಕೆ ಅನ್ನಭಾಗ್ಯ ಬಂದವು. ನ್ಯಾಯಬೆಲೆ ಅಂಗಡಿಯ ಅಕ್ಕಿ ಪ್ರಜೆಯ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಬೇಯಿಸುವ ಮುಂಚೆ ಶಿಲುಬೆಯ ಗುರುತು ಮಾಡಿಕೊಳ್ಳುವವಳಿಗೆ ಈ ಹಕ್ಕಿನ ಅರಿವು ಇಲ್ಲದಿಲ್ಲ. ಬೆರಳಚ್ಚು ಹೊಂದದೆ ಅಕ್ಕಿ ನಿಂತ ತಿಂಗಳು ಆಹಾರ ಇಲಾಖೆಯ ಕಚೇರಿಗೆ ಹೋಗಿ ಕೇಳಿ ಜಗಳವಾಡಿ ಪಡೆದವಳೂ ಇವಳೇ.

ದಿನದ ಅನ್ನ ದೇವರು ಕೊಡುತ್ತಾನೆ ಎಂಬ ಈ ನಂಬಿಕೆಯನ್ನು ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪಣಕ್ಕಿಟ್ಟವರಿದ್ದಾರೆ. 1876–78ರ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಕ್ಷಾಮ ಎಂದು ಕರೆದರು. ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗದಷ್ಟು ಜನ ಅದರಲ್ಲಿ ಹೋದರು. ಹೆತ್ತವರನ್ನು ಕಳೆದುಕೊಂಡ ಮಕ್ಕಳು ದಾರಿಬದಿಯಲ್ಲಿ ಬಿದ್ದಿದ್ದವು. ಲಂಡನ್ ಮಿಷನ್ನಿನಲ್ಲಿದ್ದ ಲೂಯಿಸಾ ಆನ್‌ಸ್ಟಿ ಎಂಬ ಹೆಣ್ಣುಮಗಳು ಆ ಹೊತ್ತಿನಲ್ಲಿ ಕೋಲಾರಕ್ಕೆ ಬಂದು ಅಂಥ ಮಕ್ಕಳನ್ನು ಕೂಡಿಸಿ ಅನಾಥಾಲಯ ತೆರೆದಳು. ಹಿಂದೆ ನಿಂತು ಹಣ ಕಳಿಸುವ ಸಂಸ್ಥೆಯಿಲ್ಲ. ಬೇಡಿಕೆ ದೇವರ ಮುಂದೆ, ಬಂದದ್ದು ಮಕ್ಕಳಿಗೆ. ನೂರಾರು ಮಕ್ಕಳು ಅಲ್ಲಿ ಉಂಡು ಬೆಳೆದರು, ಬೇಸಾಯ ಕಲಿತರು. 1890ರಲ್ಲಿ ಆಕೆ ಎಲ್ಲವನ್ನೂ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಒಪ್ಪಿಸಿದಳು. ಕೋಲಾರದ ಮೆಥಡಿಸ್ಟ್ ಸಂಸ್ಥೆಗಳ ಬೇರು ಅಲ್ಲಿಂದ ಶುರುವಾಗುತ್ತದೆ. ಹದಿಮೂರು ಹದಿನಾಲ್ಕು ವರ್ಷ ನಂಬಿಕೆಯ ಮೇಲೆ ನಡೆಸಿದ್ದನ್ನು ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟಿದ್ದು ನಂಬಿಕೆಯ ಸೋಲೆಂದು ನನಗೆ ಅನ್ನಿಸುವುದಿಲ್ಲ. ಮಕ್ಕಳ ಊಟ ತನ್ನ ಹೆಸರಿಗಿಂತ ದೊಡ್ಡದು ಎಂದುಕೊಂಡವರು ಮಾಡುವ ಕೆಲಸ ಅದು.

ಇಂಥವರಿಗೆಲ್ಲ ಆ ಕಾಲದಲ್ಲಿ ಕಣ್ಣೆದುರಿನ ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್. ಪ್ರಷ್ಯಾದಲ್ಲಿ 1805ರಲ್ಲಿ ಹುಟ್ಟಿ, 1836ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಅನಾಥ ಮಕ್ಕಳನ್ನು ಇಟ್ಟುಕೊಂಡು, 1898ರಲ್ಲಿ ಸಾಯುವ ಹೊತ್ತಿಗೆ 10 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಕಿದ್ದ. ಯಾರಲ್ಲೂ ಹಣ ಕೇಳುವುದಿಲ್ಲ, ಸಾಲ ಮಾಡುವುದಿಲ್ಲ ಎಂಬ ಹಟ. ಅವನ ಪವಾಡದಂಥ ಕಥೆಗಳನ್ನು ಪ್ರಸಂಗಗಳಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಅವನ ಬಗ್ಗೆ ಗೌರವ ಹುಟ್ಟಿಸುವುದು ಲೆಕ್ಕದ ಪುಸ್ತಕ. ಬಂದ ಪ್ರತಿ ಪೆನ್ನಿಗೂ ಲೆಕ್ಕ, ಕೊಟ್ಟವರಿಗೆ ರಸೀದಿ, ವರ್ಷಕ್ಕೊಮ್ಮೆ ಅಚ್ಚಾದ ವರದಿ. ದೇವರಿಂದ ಬಂತು ಎಂದು ನಂಬಿದವನು ಅದನ್ನು ಖರ್ಚು ಮಾಡುವಾಗ ಇನ್ನೂ ಹೆಚ್ಚು ಬಿಗಿಯಾಗಿದ್ದ. ಇಂದು ‘ನಂಬಿಕೆಯ ಸೇವೆ’ ಎಂಬ ಹೆಸರಿನಲ್ಲಿ ಕಾಣಿಕೆ ಎತ್ತುವ ಎಷ್ಟು ಕಡೆ ಸಭೆಯ ಮುಂದೆ ಲೆಕ್ಕ ಓದುತ್ತಾರೆ?

ಕೇಳಿ ಪಡೆಯುವ ದಾರಿಯೂ ಇದೆ. ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಊರಿನಲ್ಲಿ 1839ರ ಚಳಿಗಾಲದಲ್ಲಿ ಜಾನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣಿಲ್ಲದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟಳು. ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಬೇಡಿದಳು. ಅವಳಿಂದ ಹುಟ್ಟಿದ ಬಡವರ ಕಿರಿಯ ಸಹೋದರಿಯರ ಸಭೆ ಒಂದು ಶತಮಾನಕ್ಕೂ ಮಿಕ್ಕಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವೃದ್ಧಾಶ್ರಮ ನಡೆಸುತ್ತಿದೆ. ಕಾಯಂ ವರಮಾನ ಬರುವ ಇಡುಗಂಟನ್ನು ಆ ಸಭೆ ಒಪ್ಪುವುದಿಲ್ಲ. ಬೇಡಿ ತರುವುದು ಅವರ ಪಾಲಿಗೆ ವ್ರತವಿದ್ದಂತೆ. ಒಮ್ಮೆ ಅಂಜೇ ನಗರದ ಆಶ್ರಮದಲ್ಲಿ ವೃದ್ಧರಿಗೆ ಬೆಣ್ಣೆಯಿಲ್ಲವೆಂದು ತಿಳಿದ ಜುಗಾನ್, ಬೆಣ್ಣೆಯ ಬರಿ ಪಾತ್ರೆಗಳನ್ನು ಸಂತ ಜೋಸೆಫರ ಪ್ರತಿಮೆಯ ಮುಂದೆ ಇಡಿಸಿದಳಂತೆ. ದೇವರ ಮುಂದೆ ಬರಿ ಪಾತ್ರೆ ಇಟ್ಟವಳೇ ಮಂದಿಯ ಬಾಗಿಲಿಗೂ ಬುಟ್ಟಿ ಹಿಡಿದು ಹೋದಳು. 2009ರಲ್ಲಿ ರೋಮಿನ ಸಭೆ ಆಕೆಯನ್ನು ಸಂತಳೆಂದು ಸಾರಿತು.

ಮುಲ್ಲರ್ ಕೇಳಲಿಲ್ಲ, ಜುಗಾನ್ ಕೇಳಿದಳು. ನಮ್ಮ ಕಡೆಯ ಕಷ್ಟದ ಮನೆಗಳಿಗೆ ಈ ಎರಡು ದಾರಿಯೂ ಸಲೀಸಲ್ಲ. ಒಂದು ಕಾಲದಲ್ಲಿ ಸಂಬಳ ಎಣಿಸಿದ ಕೈ ಅಷ್ಟು ಬೇಗ ಚಾಚುವುದಿಲ್ಲ. ಕಾಗದ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು, ಬಂದ ಗಂಟು ಮಗಳ ಮದುವೆಗೂ ಆಸ್ಪತ್ರೆಗೂ ಕರಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ಭಾನುವಾರದ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವವರು ಭದ್ರಾವತಿಯ ಪೇಪರ್‌ಟೌನ್‌ನಲ್ಲಿ ಇದ್ದಾರೆ. ಅವರ ಮನೆಯ ಅಕ್ಕಿ ಡಬ್ಬಿ ಯಾರೂ ಕಂಡಿಲ್ಲ. ಇಂಥವರಿಗಾಗಿ ಫ್ರೆಡರಿಕ್ ಓಝನಾಂ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರೊಂದಿಗೆ ಕಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸೊಸೈಟಿಯ ರೀತಿ ನನಗೆ ಬಹಳ ಹಿಡಿಸುತ್ತದೆ. ಸದಸ್ಯರು ಇಬ್ಬಿಬ್ಬರಾಗಿ ಮನೆಗೇ ಹೋಗುತ್ತಾರೆ, ಕೂತು ಮಾತನಾಡುತ್ತಾರೆ. ಸದಸ್ಯರ ಸಭೆ ಮುಗಿಯುವ ಮುನ್ನ ಚೀಲವೊಂದು ಸುತ್ತಿ ಬರುತ್ತದೆ, ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ಪಡೆದವರ ಹೆಸರನ್ನೂ ಹೊರಗೆ ಆಡುವುದಿಲ್ಲ.

ಸುಗ್ಗಿಯ ಹೊತ್ತಿನಲ್ಲಿ ಈ ನಂಬಿಕೆಗೆ ಬೇರೆಯೇ ಕಳೆ. ಸೆಪ್ಟೆಂಬರ್ 8ರಂದು, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಕೊಂಕಣಿ ಕಥೋಲಿಕ ಮನೆಗಳವರು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಒಯ್ದು, ಹೊಸ ಅಕ್ಕಿ ಕಾಳು ಹಾಲಿಗೆ ಬೆರೆಸಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ಹರಾಜಿಗೆ ಬಂದು, ಸಂತೆಯ ಬೆಲೆಯ ಹತ್ತು ಪಟ್ಟಿಗೆ ಕೂಗಿ ಕೊಳ್ಳುವ ಸಡಗರ. ನೋಡಲು ಚೆಂದ, ನಗು ತುಂಬಿರುತ್ತದೆ.

ಈ ನಂಬಿಕೆಯನ್ನು ವ್ಯಾಪಾರಕ್ಕೆ ಇಳಿಸಿದವರ ಮೇಲೆ ಮಾತ್ರ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ ಕೆಲವರು ಬೋಧಿಸುತ್ತಾರೆ: ಇಷ್ಟು ಸಾವಿರ ಬಿತ್ತನೆ ಕಾಣಿಕೆ ಕಳಿಸಿ, ನೂರು ಪಟ್ಟು ಬರುತ್ತದೆ, ಬರದಿದ್ದರೆ ನಿಮ್ಮ ವಿಶ್ವಾಸದಲ್ಲಿ ಕೊರತೆ ಇದೆ. ಕೆಲಸ ಕಳೆದುಕೊಂಡು ಮೊದಲೇ ಕುಗ್ಗಿದವನಿಗೆ ಇದು ಎರಡನೆಯ ಪೆಟ್ಟು. ಹಣವೂ ಹೋಯಿತು, ದೇವರ ಮುಂದೆ ನಾನೇ ತಪ್ಪಿತಸ್ಥ ಎಂಬ ಭಾರವೂ ಬಂತು. ಶಿಲುಬೆಯ ಮೇಲೆ ಬಾಯಾರಿ ಸತ್ತವನ ಹೆಸರಿನಲ್ಲಿ ಹೀಗೆ ಹೇಳುವುದು ಹೇಗೆ ಸಾಧ್ಯವೋ ನನಗೆ ತಿಳಿಯದು. ಇದಕ್ಕಿಂತ ಮೆತ್ತಗಿನ, ಆದರೆ ಅಷ್ಟೇ ಕೆಟ್ಟ ಚಾಳಿ ನಮ್ಮ ನಡುವೆಯೇ ಇದೆ. ಹಸಿದು ಬಂದವನಿಗೆ ‘ಪ್ರಾರ್ಥನೆ ಮಾಡ್ತೀನಿ’ ಎಂದು ಹೇಳಿ ಕಳಿಸುವುದು. ಬಟ್ಟೆಯಿಲ್ಲದವನಿಗೆ, ಊಟವಿಲ್ಲದವನಿಗೆ ಬರೀ ಹಾರೈಕೆ ಕೊಟ್ಟು ಕಳಿಸಿದರೆ ಏನು ಬಂತು ಎಂದು ಯಾಕೋಬನ ಪತ್ರ ಅಂದೇ ಕೇಳಿದೆ.

ಕೇಳಿಯೂ ಸಿಗದವರ ಪ್ರಶ್ನೆ ಉಳಿಯುತ್ತದೆ. ಧಾತು ಈಶ್ವರ ಕ್ಷಾಮದಲ್ಲಿ ಸತ್ತವರೂ ತಮ್ಮ ತಮ್ಮ ದೇವರನ್ನು ಕರೆದೇ ಸತ್ತಿರುತ್ತಾರೆ. ಮಕ್ಕಳಿಗೆ ಗಂಜಿ ಕೊಟ್ಟು ಬರಿಹೊಟ್ಟೆಯಲ್ಲಿ ಮಲಗಿದ ರಾತ್ರಿ ಆ ಹೆಣ್ಣುಮಗಳೂ ಜಪಮಾಲೆ ಹೇಳಿದ್ದಳು. ಇದಕ್ಕೆ ಸಮಾಧಾನದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ, ಬೈಬಲ್ಲಿನ ಯೋಬನೂ ಅಂಥ ಗೆಳೆಯರನ್ನು ಸಹಿಸಲಿಲ್ಲ. ಅನ್ನ ಸಿಗದೆ ಹೋದ ಎಷ್ಟೋ ಕಡೆ ಅದು ದಾರಿಯಲ್ಲಿ ಯಾರದೋ ಕೈಯಲ್ಲಿ ನಿಂತಿರುತ್ತದೆ ಎಂಬುದು ಮಾತ್ರ ನನಗೆ ಗೊತ್ತು. ಆ ಮಹಾ ಕ್ಷಾಮದಲ್ಲೂ ಬರದ ನಾಡಿನಿಂದ ರೈಲುಗಳಲ್ಲಿ, ಹಡಗುಗಳಲ್ಲಿ ಧಾನ್ಯ ಹೊರಗೆ ಹೋಗುತ್ತಲೇ ಇತ್ತು.

ಹಾಗೆ ನೋಡಿದರೆ ದಿನದ ಅನ್ನದ ಈ ಪ್ರಾರ್ಥನೆ ನಮ್ಮ ಕ್ರೈಸ್ತ ಸಂಸ್ಥೆಗಳ ಕಚೇರಿಗೂ ಬರಬೇಕು. ಕಥೋಲಿಕರೆನ್ನದೆ, ಪ್ರೊಟೆಸ್ಟೆಂಟರೆನ್ನದೆ ಕ್ರೈಸ್ತರೆಲ್ಲರ ಶಾಲೆ, ಹಾಸ್ಟೆಲು, ಆಸ್ಪತ್ರೆಗಳು ನಾಡಿನ ತುಂಬ ಇವೆ. ಅಲ್ಲೆಲ್ಲ ಕಸ ಗುಡಿಸುವವರು, ಆಯಾಗಳು, ಅಡುಗೆಯವರು, ರಾತ್ರಿ ಕಾವಲಿನವರು ಇದ್ದಾರೆ. ಬಹುಪಾಲು ಗುತ್ತಿಗೆಯವರು ಅಥವಾ ದಿನಗೂಲಿಯವರು. ಅವರ ಕೂಲಿ ಯಾವ ತಾರೀಕಿಗೆ ಕೈಸೇರುತ್ತದೆ, ಬೇಸಿಗೆ ರಜೆಯ ಎರಡು ತಿಂಗಳು ಆಯಾ ಹೇಗೆ ಬದುಕುತ್ತಾಳೆ, ಭವಿಷ್ಯನಿಧಿ ಕಟ್ಟಿದ್ದಾರೆಯೇ ಎಂದು ಪ್ರತಿ ಆಡಳಿತ ಮಂಡಳಿ ವರ್ಷದ ಮೊದಲ ಸಭೆಯಲ್ಲೇ ಕೇಳಿಕೊಳ್ಳಲಿ. ಸಭೆ ಶುರುವಾಗುವುದು ಹೇಗೂ ಆ ಪ್ರಾರ್ಥನೆಯಿಂದಲೇ. ‘ಆಮೆನ್’ ಎಂದು ಕೂತ ಕೂಡಲೇ ಸಂಬಳದ ರಿಜಿಸ್ಟರ್ ತರಿಸಿ ಓದಬಹುದು.